ನಾನು ಜಗಳ ಮರೆತ ಬೇಸಿಗೆ

ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಕಂಬಳಿ ಹೊದ್ದು ಕೂತ ಬಸುರಿಯನ್ನು ನೀವು ಕಂಡಿರಲಿಕ್ಕಿಲ್ಲ. ಬ್ರೂಸ್‌ಪೇಟೆಯ ನಮ್ಮ ಓಣಿಯವರು ಕಂಡಿದ್ದಾರೆ. ಆಕೆ ನಾನೇ. ಕೋಟೆಗುಡ್ಡದ ಬಂಡೆ ಕಾದು ಸಂಜೆಯಾದರೂ ಝಳ ಹೊಡೆಯುವ ಊರಿನಲ್ಲಿ ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು, ಕಂಬಳಿಯೊಳಗೆ ಕೈ ಮಡಚಿಕೊಂಡು ನಡುಗುತ್ತ ಕೂತಿರುತ್ತಿದ್ದೆ. ಯಾರಾದರೂ ಕೇಳಿದರೆ ನಮ್ಮ ಅತ್ತೆ, ಅದು ಬಯಕೆ ಎಂದುಬಿಡುತ್ತಿದ್ದರು. ಒಬ್ಬೊಬ್ಬರಿಗೆ ಹುಣಸೆಕಾಯಿ, ಒಬ್ಬೊಬ್ಬರಿಗೆ ಮಣ್ಣು, ನಮ್ಮ ಸೊಸೆಗೆ ಕಂಬಳಿ. ಕೇಳಿದವರು ನಕ್ಕು ಮುಂದೆ ಹೋಗುತ್ತಿದ್ದರು.

ಇದು ಎಪ್ಪತ್ತರ ದಶಕದ ಮಾತು. ಇಷ್ಟು ವರ್ಷ ಬಿಟ್ಟು ಈಗ ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ. ಈಚೆಗೆ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಬಸುರಿ ಹುಡುಗಿ ಗೋಡೆ ನೋಡುತ್ತ ಕೂತಿದ್ದಳು. ಆಕೆಯ ತಾಯಿ ನನ್ನ ಕಡೆ ತಿರುಗಿ, ಮೊದಲು ಭಾರೀ ಹಟಮಾರಿ ಇದ್ದಳು, ಹೊಟ್ಟೆ ನಿಂತ ಮೇಲೆ ಹಸುವಿನಂತಾಗಿದ್ದಾಳೆ ಎಂದು ಖುಷಿಯಿಂದ ಹೇಳಿದಳು. ಆ ಮಾತನ್ನು ಒಳಗೆ ಡಾಕ್ಟರಿಗೂ ಹೇಳಮ್ಮ ಎಂದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. ನೋಡಲಿ ಬಿಡಿ. ಆ ಹುಡುಗಿಗೆ ಏನೂ ಇರಲಿಕ್ಕಿಲ್ಲ. ಆದರೆ ನನಗಿತ್ತು. ನನ್ನ ಕಾಯಿಲೆಯನ್ನು ಎಲ್ಲರೂ ಒಳ್ಳೆಯ ಗುಣ ಎಂದುಕೊಂಡಿದ್ದರು.

ನಾನು ಸಿರುಗುಪ್ಪದ ಹುಡುಗಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಮದುವೆಯಾಗಿ ಬಂದದ್ದು ಬ್ರೂಸ್‌ಪೇಟೆಯ ಪಾತ್ರೆ ಅಂಗಡಿಯ ಮನೆಗೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಮನೆಯಲ್ಲಿ ನಾವು ಮೂರೇ ಜನ: ನಮ್ಮ ಮನೆಯವರು, ಅವರ ತಾಯಿ, ನಾನು. ಮಾವ ಬಹಳ ಮೊದಲೇ ತೀರಿಕೊಂಡಿದ್ದರು. ಅತ್ತೆಗೂ ನನಗೂ ಬಂದ ವಾರದಿಂದಲೇ ಜಗಳ. ಒಗ್ಗರಣೆಗೆ ಜಗಳ, ಕಸಬರಿಗೆ ಇಟ್ಟ ದಿಕ್ಕಿಗೆ ಜಗಳ. ನನಗೆ ಬಾಯಿ ಜೋರು, ಅದಕ್ಕಿಂತ ನೆನಪು ಜೋರು. ಯಾವ ಹಬ್ಬದಲ್ಲಿ ಯಾರ ಮುಂದೆ ಅತ್ತೆ ಏನಂದಿದ್ದರು, ಆಗ ಅವರ ಕೈಯಲ್ಲಿ ಏನಿತ್ತು ಎಂಬುದನ್ನೆಲ್ಲ ತೆಗೆದು ಎದುರಿಗಿಡುತ್ತಿದ್ದೆ. ಆಗ ಅವರು "ಬಾಯಿ ಮುಚ್ಚಲೇ ಬಜಾರಿ," ಎಂದು ಒಳಗೆ ಹೋಗುತ್ತಿದ್ದರು. ದಿನಕ್ಕೊಮ್ಮೆಯಾದರೂ ಆ ಮಾತು ಬೀಳಬೇಕು, ಇಲ್ಲದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಶುಭಕಾರ್ಯದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕೇಳಿದಾಗ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತೇವೆ. ನಾನು ಒಡಪಿನಲ್ಲಿ ಎತ್ತಿದ ಕೈ. ಮನೆ ತುಂಬಿಸಿಕೊಳ್ಳುವ ದಿನ ಹೊಸ ಸೊಸೆ ತಲೆ ತಗ್ಗಿಸಿ ಏನೋ ಹೂವು ಹಣ್ಣಿನ ಒಡಪು ಹೇಳುತ್ತಾಳೆಂದು ಎಲ್ಲರೂ ಕಾದಿದ್ದರೆ, ನಾನು ತಲೆ ಎತ್ತಿ ಹೇಳಿದ್ದೆ:

"ಬಳ್ಳಾರಿ ಬಿಸಲಿಗೆ ಗುಡ್ಡ ಕಾಯ್ತೈತಿ, ಅತ್ತಿ ಮಾತಿಗೆ ನಾ ಕಾಯ್ತೀನಿ,
ಗುಡ್ಡ ತಣ್ಣಗಾಗೋದು ರಾತ್ರಿಗೆ, ನಾ ತಣ್ಣಗಾಗೋದು ಪಂಪಾಪತಿಯವರ ಮಾತಿಗೆ."

ಅತ್ತೆ ಅಂದು ರಾತ್ರಿ ಊಟ ಮಾಡಲಿಲ್ಲ. ಓಣಿಯ ಹೆಂಗಸರು ಮಾತ್ರ ವರ್ಷಗಟ್ಟಲೆ ಆ ಒಡಪು ಹೇಳಿಕೊಂಡು ನಕ್ಕರು.

ಹೊಟ್ಟೆಯಲ್ಲಿ ಕೂಸು ನಿಂತ ಕೆಲವು ತಿಂಗಳಿಗೆ ಮರೆವು ಶುರುವಾಯಿತು. ಒಲೆಯ ಮೇಲೆ ಹಾಲಿಟ್ಟು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಿದ್ದೆ; ಅದು ಉಕ್ಕಿ ಸುಟ್ಟು ವಾಸನೆ ಬಂದರೂ ನನಗೆ ಗೊತ್ತಾಗುತ್ತಿರಲಿಲ್ಲ. ದೇವರ ಮುಂದೆ ಒಂದೇ ದೀಪಕ್ಕೆ ಎರಡು ಸಲ ಎಣ್ಣೆ ಹಾಕುತ್ತಿದ್ದೆ. ಬಸುರಿಯರಿಗೆ ಮರೆವು ಸಹಜ ಎಂದರು. ಮುಖ ಊದಿತು, ಬಸುರಿಯರಿಗೆ ಸಹಜ. ದನಿ ದಪ್ಪಗಾಯಿತು, ಥಂಡಿ ಹತ್ತಿರಬೇಕು. ಸದಾ ನಿದ್ದೆ, ಗಂಡು ಕೂಸಿರಬೇಕು. ನನ್ನ ಮೈಗೆ ಏನೇ ಬಂದರೂ ಅದಕ್ಕೊಂದು ಹೆಸರು ಓಣಿಯಲ್ಲಿ ಸಿದ್ಧವಾಗಿರುತ್ತಿತ್ತು.

ಮರೆವಿನ ಜೊತೆಗೆ ಜಗಳವೂ ಹೋಯಿತು. ಅತ್ತೆ ಏನಾದರೂ ಅಂದರೆ ಉತ್ತರ ಕೊಡಬೇಕೆಂದು ಅನಿಸುತ್ತಿತ್ತು. ಆದರೆ ಮಾತು ಗಂಟಲಿಗೆ ಬರುವಷ್ಟರಲ್ಲಿ ಅದು ಯಾವ ಮಾತೆಂದು ಮರೆತುಹೋಗುತ್ತಿತ್ತು. "ಹೂಂ" ಎನ್ನುತ್ತಿದ್ದೆ. ಅದೊಂದೇ ಸುಲಭವಾಗಿ ಬರುತ್ತಿದ್ದ ಮಾತು. ಓಣಿಯ ಹೆಂಗಸರು, ಅಂತೂ ಸೊಸೆಯನ್ನು ದಾರಿಗೆ ತಂದಿರಿ ಎಂದು ಅತ್ತೆಗೆ ಶಾಭಾಸ್ ಹೇಳಿದರು. ನಮ್ಮ ಮನೆಯವರು ಅಂಗಡಿ ಮುಚ್ಚಿ ಬಂದು, ಈಗ ಮನೆಯಲ್ಲಿ ಎಷ್ಟು ಸುಖ ಎಂದು ಕಾಲು ಚಾಚಿ ಕೂರುತ್ತಿದ್ದರು. ಪಾಪ, ಎರಡು ವರ್ಷ ನಮ್ಮಿಬ್ಬರ ನಡುವೆ ಸಿಕ್ಕು ಅರೆದುಹೋಗಿದ್ದರು, ಅವರ ತಪ್ಪೇನಿಲ್ಲ.

ನಾನು ಒಳಗೇ ಇದ್ದೆ. ಅದನ್ನು ಹೇಗೆ ಹೇಳಲಿ? ಬಾವಿಗೆ ಬಿದ್ದವಳಿಗೆ ಮೇಲೆ ನಿಂತವರ ಮಾತು ಕೇಳುತ್ತದಲ್ಲ, ಹಾಗೆ ಎಲ್ಲ ಕೇಳುತ್ತಿತ್ತು. ಕೂಗಿದರೆ ಮಾತ್ರ ದನಿ ಮೇಲೆ ಹತ್ತುತ್ತಿರಲಿಲ್ಲ. ಕಾರಣವಿಲ್ಲದೆ ಅಳು ಬರುತ್ತಿತ್ತು. ಕೂಸು ಒದ್ದಾಗ ಎಲ್ಲ ತಾಯಂದಿರಿಗೂ ಆಗುವ ಸಂತೋಷ ನನಗೆ ಆಗಲಿಲ್ಲ. ಯಾರೋ ಪಕ್ಕದ ಮನೆಯ ಬಾಗಿಲು ಬಡಿದಂತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಟ್ಟ ತಾಯಿ ಎನ್ನುತ್ತಾರೆಂಬ ಹೆದರಿಕೆ ಇತ್ತು. ಎಲ್ಲ ಮರೆತರೂ ಹೆದರಿಕೆಯನ್ನು ಮಾತ್ರ ಮರೆಯಲಿಲ್ಲ.

ಶಿವರಾತ್ರಿಗೆ ಕುರುಗೋಡಿಗೆ ಹೋದೆವು. ಅಲ್ಲಿ ನಮ್ಮ ಮನೆಯವರ ಅಕ್ಕ ಗಂಗಕ್ಕ ಇದ್ದರು. ಮದುವೆಯಾಗಿ ಬಹಳ ವರ್ಷಗಳಾದರೂ ಅವರಿಗೆ ಮಕ್ಕಳಿರಲಿಲ್ಲ. ಬಂಗಾರದಂಥ ಹೆಂಗಸು. ನನ್ನ ಸಲುವಾಗಿ ದೊಡ್ಡ ಬಸವಣ್ಣನಿಗೆ ಹರಕೆ ಹೊತ್ತಿದ್ದರು. ಗುಡಿಯಲ್ಲಿ ಅವರು ಪ್ರದಕ್ಷಿಣೆ ಹಾಕುತ್ತಿರುವಾಗ ನಾನು ಮನೆಗೆ ಹೋಗಿ ಮಲಗುತ್ತೇನೆಂದು ಹೊರಬಿದ್ದೆ. ಎರಡು ಓಣಿ ದಾಟಿದರೆ ಮನೆ. ನಡುವೆ ನಿಂತೆ. ಯಾವ ಓಣಿ, ಯಾರ ಮನೆಗೆ ಬಂದಿದ್ದೇನೆ, ಒಂದೂ ಹೊಳೆಯಲಿಲ್ಲ. ಬಿಸಿಲಿನಲ್ಲಿ ನಡುಗುತ್ತ ನಿಂತ ನನ್ನನ್ನು ಯಾರೋ ಗುರುತು ಹಿಡಿದು ಕರೆತಂದರು.

ಸಂಜೆ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ನನ್ನ ಕೈಗೆ ಕೂಸು ಕೊಟ್ಟರೆ ಎಲ್ಲಿಟ್ಟು ಮರೆಯುತ್ತಾಳೋ ಎಂಬ ಮಾತು ಬಂತು. ಗಂಗಕ್ಕ ಬಂದು ನನ್ನ ಪಕ್ಕ ಕೂತು ಕೈ ಹಿಡಿದರು.

"ಗಿರಿಜಾ, ಕೂಸಿನ್ನ ನಾ ಇಲ್ಲೇ ಇಟ್ಕೊಂಡು ಜ್ವಾಪಾನ ಮಾಡ್ತೀನವ್ವ. ನೀ ಚಿಂತಿ ಮಾಡಬ್ಯಾಡ. ಆಗಬಹುದಲ್ಲ?"

ಎಷ್ಟು ದಿನಕ್ಕೆ ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಒಳಗಿದ್ದ ಗಿರಿಜಾ ನೆಲಕ್ಕೆ ಕಾಲು ಬಡಿದು ಅರಚುತ್ತಿದ್ದಳು, ಆಣೆ ಮಾಡಿ ಹೇಳುತ್ತೇನೆ. ಹೊರಗೆ ನನ್ನ ಬಾಯಿ, "ಹೂಂ, ಆಗಲಿ," ಎಂದಿತು. ಎಲ್ಲರಿಗೂ ಸಮಾಧಾನವಾಯಿತು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ನಾನು ಇನ್ನೇನಾದರೂ ಅಂದೇನೆಂದು ಕಾಯುತ್ತಿದ್ದ ಹಾಗಿತ್ತು. ಆಮೇಲೆ ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.

ಯುಗಾದಿ ಕಳೆದ ಮೇಲೆ ಬಳ್ಳಾರಿಯಲ್ಲಿ ನನ್ನ ಕುಬುಸ. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ತವರಿಗೆ ಕಳಿಸುವ ಕಾರ್ಯ ಅದು. ಸಿರುಗುಪ್ಪದಿಂದ ಅವ್ವ ಬಂದಿದ್ದಳು. ಆರತಿ ಮುಗಿದು ಒಳಗೆ ಹೋಗಬೇಕು, ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಹೆಸರು ಹೇಳಿ ಒಳಗೆ ಹೋಗು ಎಂದರು. ಮಾತಿನ ಮಲ್ಲಿ ಈ ಸಲ ಅತ್ತೆಯನ್ನು ಹೇಗೆ ಚುಚ್ಚುತ್ತಾಳೋ ಎಂದು ಎಲ್ಲರ ಕಿವಿ ನೆಟ್ಟಗಾಗಿದ್ದವು.

ನಾನು ಬಾಯಿ ತೆಗೆದೆ. ಒಡಪು ಬರಲಿಲ್ಲ. ಹೋಗಲಿ, ಬರೀ ಹೆಸರನ್ನಾದರೂ ಹೇಳಿಬಿಡೋಣ ಎಂದುಕೊಂಡೆ. ಹೆಸರು ಬರಲಿಲ್ಲ. ಅಂಗಡಿಯ ಬಾಗಿಲಲ್ಲಿ ಅವರು ನಿಂತು ನಗುತ್ತಿದ್ದರು. ಆ ಮುಖ ಗೊತ್ತು, ಹೆಗಲ ಮೇಲಿನ ಟವೆಲು ಗೊತ್ತು, ಕೈಯ ಮೇಲಿನ ಸುಟ್ಟ ಕಲೆ ಗೊತ್ತು. ಹೆಸರಿನ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಹೆಂಗಸರು ಚಪ್ಪಾಳೆ ತಟ್ಟಿದರು. ನಾಚಿಕೆ ನೋಡ್ರವ್ವ, ಗಂಡನ ಹೆಸರು ಹೇಳಲಿಕ್ಕೆ ಕಣ್ಣೀರು ಬರುವಷ್ಟು ನಾಚಿಕೆ ಎಂದು ಒಬ್ಬರ ಮೈಮೇಲೆ ಒಬ್ಬರು ಬಿದ್ದು ನಕ್ಕರು. ನಮ್ಮವ್ವ ಹೆಮ್ಮೆಯಿಂದ ನನ್ನ ಕೆನ್ನೆ ಒರೆಸಿದಳು. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಸುತ್ತಲಿದ್ದವರೆಲ್ಲ ನಗುತ್ತಿದ್ದರು. ಅತ್ತೆ ಒಬ್ಬರು ನಗಲಿಲ್ಲ.

ಬಂದವರೆಲ್ಲ ಹೋದ ಮೇಲೆ ಅವರು ನನ್ನೆದುರು ಕುಕ್ಕರಗಾಲಲ್ಲಿ ಕೂತರು.

"ನನ್ನ ಮಗನ ಹೆಸರೇನು?"

ನಾನು ತಲೆ ತಗ್ಗಿಸಿದೆ.

"ನಾಚಿಕಿ ಗೀಚಿಕಿ ನನ್ನ ಮುಂದ ಬ್ಯಾಡ. ನಿನಗ ನಾಚಿಕಿ ಇಲ್ಲ, ನನಗ ಗೊತ್ತೈತಿ. ಹೆಸರು ಹೇಳು."

"ನೆನಪಾಗವಲ್ದು ಅತ್ತಿ," ಎಂದೆ.

ಮರುದಿನ ನನ್ನನ್ನು ತವರಿಗೆ ಕಳಿಸಲು ಅತ್ತೆ ಒಪ್ಪಲಿಲ್ಲ. ಮೊದಲು ಡಾಕ್ಟರಿಗೆ ತೋರಿಸುತ್ತೇನೆ ಎಂದರು. ಕುಬುಸವಾದ ಮಗಳನ್ನು ಕರೆದೊಯ್ಯುವುದು ತಾಯಿಯ ಹಕ್ಕು. ಅವ್ವನಿಗೆ ಅವಮಾನವಾಯಿತು. ನನ್ನ ಮಗಳಿಗೆ ಏನಾಗಿದೆ, ಈಗ ಒಳ್ಳೇ ಹೆಣ್ಣುಮಗಳ ಹಾಗೆ ಆಗಿದ್ದಾಳೆ, ಅದೂ ನಿಮಗೆ ಸಹಿಸುವುದಿಲ್ಲವೇ ಎಂದಳು. ಹೆತ್ತವ್ವನಿಗೂ ಈ ಹೊಸ ಗಿರಿಜಾ ಇಷ್ಟವಾಗಿದ್ದಳು. ಆ ಮಾತು ನನಗೆ ಈಗಲೂ ಚುಚ್ಚುತ್ತದೆ.

ಲೇಡಿ ಡಾಕ್ಟರ ದವಾಖಾನೆಯಲ್ಲಿ ಹೆಂಗಸರೆಲ್ಲ ಫ್ಯಾನಿನ ಕೆಳಗೆ ಒತ್ತೊತ್ತಾಗಿ ಕೂತಿದ್ದರು. ನಾನು ಮಾತ್ರ ಎದ್ದು ಹೋಗಿ ಬಿಸಿಲು ಬೀಳುವ ಮೂಲೆಯಲ್ಲಿ ಕೂತೆ. ಸರದಿ ಬಂದಾಗ ಡಾಕ್ಟರು ಏನು ತೊಂದರೆ ಎಂದು ಕೇಳಿದರು. ಅತ್ತೆ ಹೇಳಿದರು:

"ಈಕಿ ನನ್ನ ಕೂಡ ಜಗಳಾಡೋದು ಬಿಟ್ಟಾಳ್ರಿ."

ಡಾಕ್ಟರು ನಕ್ಕರು. ತೆಲುಗು ಸೀಮೆಯವರು, ಕನ್ನಡವನ್ನು ನಿಧಾನವಾಗಿ ಆಡುತ್ತಿದ್ದರು. ಅತ್ತೆಯ ಮುಖ ನೋಡಿ ನಗು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಚಳಿಯಾಗುತ್ತದೆಯೇ, ಕೂದಲು ಉದುರುತ್ತದೆಯೇ, ದನಿ ಮೊದಲಿನಿಂದಲೂ ಹೀಗೆಯೇ ಎಂದು ಒಂದೊಂದಾಗಿ ಕೇಳಿದರು. ನಾನು ಹೂಂ ಎನ್ನುವಷ್ಟರಲ್ಲಿ ಅತ್ತೆಯೇ ಉತ್ತರ ಕೊಡುತ್ತಿದ್ದರು. ನನ್ನ ಬಗ್ಗೆ ಆ ಹೆಂಗಸಿಗೆ ಇಷ್ಟೆಲ್ಲ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ನನ್ನ ಕುತ್ತಿಗೆ ಮುಟ್ಟಿ ನೋಡಿದರು. ಕುರ್ಚಿಯ ಮೇಲೆ ಮೊಳಕಾಲೂರಿಸಿದರು. ಹೊಟ್ಟೆ ಹೊತ್ತು ಬೀಳುವಂತಿದ್ದ ನನ್ನನ್ನು ಅತ್ತೆ ಮುಂದಿನಿಂದ ತಬ್ಬಿ ಹಿಡಿದರು. ಡಾಕ್ಟರು ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಚಿಮ್ಮಿತು, ಆಮೇಲೆ ಸೋಮಾರಿಯ ಹಾಗೆ ಮೆಲ್ಲಗೆ ವಾಪಸು ಬಂತು. ಇನ್ನೊಮ್ಮೆ ತಟ್ಟಿದರು. ಹಾಗೇ ಬಂತು.

"ಇದು ಈಕೆಯ ಸ್ವಭಾವ ಅಲ್ಲಮ್ಮ," ಎಂದರು ಡಾಕ್ಟರು. "ಕಾಯಿಲೆ."

ನಾನು ಅತ್ತೆಯ ಹೆಗಲ ಮೇಲೆ ಮುಖವಿಟ್ಟು ಅತ್ತುಬಿಟ್ಟೆ. ಇಷ್ಟು ತಿಂಗಳಲ್ಲಿ ನನ್ನನ್ನೂ ಅದನ್ನೂ ಬೇರೆ ಮಾಡಿ ಹೇಳಿದವರು ಆ ಡಾಕ್ಟರೊಬ್ಬರೇ. ಕುತ್ತಿಗೆಯೊಳಗಿನ ಒಂದು ಗ್ರಂಥಿ ಕೆಲಸ ನಿಲ್ಲಿಸಿದೆ, ಮೈಗೂ ತಲೆಗೂ ಬೇಕಾದ ರಸ ಸಾಲುತ್ತಿಲ್ಲ ಎಂದರು. ರಕ್ತ ಬೆಂಗಳೂರಿಗೆ ಹೋಗಿ ಬರಬೇಕು, ಆದರೆ ಅಲ್ಲಿವರೆಗೆ ಕಾಯುವುದು ಬೇಡವೆಂದು ಮಾತ್ರೆ ಅಂದೇ ಬರೆದುಕೊಟ್ಟರು. ಕೂಸಿಗೇನಾದರೂ ತೊಂದರೆಯಾಗಿದೆಯೇ ಎಂದು ಅತ್ತೆ ಕೇಳಿದರು. ಹುಟ್ಟಿದ ಮೇಲೆ ನೋಡಬೇಕು ಎಂದರು. ಆಮೇಲೆ ಬೆಂಗಳೂರಿನಿಂದ ಬಂದ ಉತ್ತರವೂ ಅವರ ಮಾತನ್ನೇ ಹೇಳಿತು. ಆದರೆ ಕೂಸಿನ ವಿಷಯದಲ್ಲಿ ಆ "ನೋಡಬೇಕು" ಎಂಬ ಒಂದು ಮಾತನ್ನು ಹಿಡಿದುಕೊಂಡು ಹೆರಿಗೆಯವರೆಗೆ ಬದುಕಿದೆ.

ಸಿರುಗುಪ್ಪಕ್ಕೆ ಹೋದ ಮೇಲೆ ಅವ್ವನಿಗೆ ಮಾತ್ರೆಯ ಭಯ. ಬಸುರಿಗೆ ಗುಳಿಗೆ ಉಷ್ಣ, ಕೂಸು ಸುಟ್ಟುಹೋದೀತು ಎಂದು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಳು. ನುಂಗಿದ್ದೇನೋ ಇಲ್ಲವೋ ಎಂಬುದೂ ನನಗೆ ನೆನಪಿರುತ್ತಿರಲಿಲ್ಲ, ಅವ್ವ ನುಂಗಿದ್ದೀ ಎಂದರೆ ಹೂಂ ಎನ್ನುತ್ತಿದ್ದೆ. ಅತ್ತೆ ನೋಡಿಹೋಗಲೆಂದು ಬಸ್ಸಿನಲ್ಲಿ ಬಂದವರು ನನ್ನ ಮುಖ ನೋಡಿದರು, ನೇರ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನೆಲ್ಲ ತೆಗೆದು ನೋಡಿದರು. ಮಾತ್ರೆ ಸಿಕ್ಕಿತು. ಅವರು ಬಳ್ಳಾರಿಗೆ ವಾಪಸು ಹೋಗಲೇ ಇಲ್ಲ.

ಸೊಸೆಯ ತವರಿನಲ್ಲಿ ಬೀಗಿತ್ತಿ ಬೀಡು ಬಿಡುವುದನ್ನು ಸಿರುಗುಪ್ಪದಲ್ಲಿ ಯಾರೂ ಕಂಡಿರಲಿಲ್ಲ. ಗಿರಣಿಯವರೆಗೂ ಸುದ್ದಿಯಾಯಿತು, ಅಪ್ಪನಿಗೆ ತಲೆ ಎತ್ತಲಾಗಲಿಲ್ಲ. ಬಳ್ಳಾರಿಯಲ್ಲಿ ನಮ್ಮ ಮನೆಯವರು ಖಾನಾವಳಿಯಲ್ಲಿ ಉಂಡರು. ಅತ್ತೆ ಮೊದಮೊದಲು ಗಂಟಿನಲ್ಲಿ ತಂದ ತಮ್ಮದೇ ಒಣರೊಟ್ಟಿ ತಿಂದರು. ಗಂಟು ಖಾಲಿಯಾದ ಮೇಲೆ ಅವ್ವ ಒಂದು ಮಾತೂ ಆಡದೆ ತಾಟು ಮುಂದಿಟ್ಟಳು. ಬೆಳಗಾದರೆ ಅತ್ತೆ ನನ್ನ ಮುಂದೆ ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದರು. ಬಾಯಿ ಮುಚ್ಚು ಎನ್ನುತ್ತಿದ್ದವರು ಈಗ ದಿನಾ, "ಬಾಯಿ ತಗಿ," ಎನ್ನುತ್ತಿದ್ದರು. ಒಮ್ಮೆ ಕೇಳಿದೆ, ನನ್ನ ಸಲುವಾಗಿ ಯಾಕೆ ಇಷ್ಟು ಕಷ್ಟ ಪಡುತ್ತೀರಿ ಎಂದು.

"ಅಂವ ಬೆಳಿಗ್ಗೆದ್ದು ಅಂಗಡಿಗೆ ಹೋಗ್ತಾನ," ಎಂದರು. "ಮನ್ಯಾಗ ನಾ ಯಾರ ಕೂಡ ಮಾತಾಡ್ಲಿ?"

ಗುಣವೆಂಬುದು ಒಂದೇ ದಿನ ಬರಲಿಲ್ಲ. ಮೊದಲು ಗಿರಣಿಯಿಂದ ಬರುವ ಭತ್ತ ಬೇಯಿಸುವ ವಾಸನೆ ಮೂಗಿಗೆ ಹತ್ತಿ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಆಶ್ಚರ್ಯವಾಯಿತು. ಆಮೇಲೆ ಒಂದು ದಿನ ಕಂಬಳಿಯನ್ನು ನನಗೆ ಗೊತ್ತಿಲ್ಲದೆಯೇ ಪಕ್ಕಕ್ಕೆ ಸರಿಸಿದ್ದೆ. ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ, ಕಳೆದುಹೋದ ಬಳೆ ಕಾಲಿಗೆ ತಾಗಿದಂತೆ, ಪಂಪಾಪತಿ ಎಂಬ ಹೆಸರು ಬಂತು. ಒಡಪೂ ಇಲ್ಲ ಪ್ರಾಸವೂ ಇಲ್ಲ, ಪಂಪಾಪತಿ, ಪಂಪಾಪತಿ ಎಂದು ಬಚ್ಚಲ ಕಲ್ಲಿನ ಮೇಲೆ ನಿಂತು ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, ಹುಚ್ಚು ಹಿಡಿಯಿತೇ ಎಂದು ಕೇಳಿದಳು. ಬಿಟ್ಟಿತು ಎಂದೆ.

ನೆನಪು ಬಂದಂತೆ ಕುರುಗೋಡಿನ ಆ ಸಂಜೆಯೂ ನೆನಪಾಯಿತು. ನಾನು ಏನನ್ನು ಕೊಟ್ಟು ಬಂದಿದ್ದೇನೆಂದು ಆಗ ತಿಳಿಯಿತು. ಯಾರಲ್ಲೂ ಕೇಳಲು ಧೈರ್ಯವಾಗಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ ಎನ್ನುವ ಮನೆತನ ಅದು.

ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ್ದೇ ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು. ಅಲ್ಲಿಯ ಡಾಕ್ಟರು ತಿರುವಿ ಮುರುವಿ ನೋಡಿ, ಅಳು ಚೆನ್ನಾಗಿದೆ, ಹಾಲು ಎಳೆಯುತ್ತಿದೆ, ಸದ್ಯಕ್ಕೆ ಅಷ್ಟು ಸಾಕು ಎಂದರು. ಅತ್ತೆ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಆ ವರ್ಷ ಮಳೆ ಇನ್ನೂ ಬಿದ್ದಿರಲಿಲ್ಲ. ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ ತುರುಕಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು. ನನ್ನ ತಲೆಗೂ ಕಿವಿಗೂ ಬಟ್ಟೆ ಬಿಗಿದಿತ್ತು. ತೊಟ್ಟಿಲು ಹಾಕುವ ದಿನ ಗಂಗಕ್ಕ ಬಂದರು. ಜೊತೆಗೆ ಒಂದು ಸಣ್ಣ ಟ್ರಂಕು. ಅದರ ತುಂಬ ತಾವೇ ಹೊಲಿದ ಕುಂಚಿಗೆ, ಅಂಗಿ, ದುಪಟಿ. ಅವನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಹರಡಿ ತೋರಿಸಿದರು. ಕೂಸನ್ನು ಒಯ್ಯಲು ಬಂದಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ನನ್ನ ಬೆನ್ನಿನಿಂದ ಏನೋ ಹರಿಯುತ್ತಿತ್ತು, ಏನೆಂದು ಒಂದು ಕ್ಷಣ ಗೊತ್ತಾಗಲಿಲ್ಲ. ಬೆವರು.

ಗಂಗಕ್ಕ ಕೂಸನ್ನು ಎತ್ತಿಕೊಂಡು, ಇಲ್ಲಿ ಬಹಳ ಸೆಕೆ, ಪಡಸಾಲೆಗೆ ಒಯ್ಯುತ್ತೇನೆ ಎಂದು ಬಾಗಿಲ ಕಡೆ ತಿರುಗಿದರು.

"ಕೂಸು ಇಲ್ಲಿ ಕೊಡ್ರಿ ಗಂಗಕ್ಕ," ಎಂದೆ. "ಅದು ನಂದು. ಕುರುಗೋಡಿಗೆ ಬರಂಗಿಲ್ಲ."

ಅವರು ನಿಂತರು. "ನೀನ ಹೂಂ ಅಂದಿದ್ಯಲ್ಲವ್ವ," ಎಂದರು ಮೆಲ್ಲಗೆ.

"ಅದು ನಾ ಅಂದಿದ್ದಲ್ಲ. ನನ್ನ ಕಾಯಿಲಿ ಅಂದಿದ್ದು."

ಅವ್ವ ನನ್ನ ಬಾಯಿ ಮುಚ್ಚಲು ಬಂದಳು. ನಾನು ತಲೆಯ ಬಟ್ಟೆ ಕಿತ್ತು ಬಿಸಾಕಿದೆ. ನನ್ನನ್ನೇನು ಚುರುಮುರಿ ಮಾಡಿ ಹುರಿಯುತ್ತೀರಾ, ಕಿಟಕಿ ತೆಗೆಯಿರಿ ಎಂದೆ. ಮಾತ್ರೆ ಅಡಗಿಸಿಟ್ಟದ್ದಕ್ಕೆ ಅವ್ವನಿಗೆ ಅಂದೆ. ಕೊನೆಗೆ ಅತ್ತೆಯ ಕಡೆ ತಿರುಗಿದೆ. ಆ ಸಂಜೆ ನಾನು ಹೂಂ ಅಂದಾಗ ನಿಮಗೆ ಗೊತ್ತಾಗಿತ್ತು, ಎಲೆಗೆ ಸುಣ್ಣ ಹಚ್ಚುತ್ತಿದ್ದಿರಿ, ಕೈ ನಿಲ್ಲಿಸಿದಿರಿ, ನನ್ನ ಮುಖ ನೋಡಿದಿರಿ, ಆಮೇಲೆ ಎಲೆ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತಿರಿ, ಯಾಕೆ ಎಂದು ಕೇಳಿದೆ. ಹೇಳುತ್ತ ಹೇಳುತ್ತ ನನಗೇ ಗೊತ್ತಾಯಿತು, ಒಂದು ಚೂರೂ ಬಿಡದೆ ಎಲ್ಲ ನೆನಪಿದೆ ಎಂದು.

ಗಂಗಕ್ಕ ಕೂಸನ್ನು ನನ್ನ ಮಡಿಲಿಗೆ ಹಾಕಿದರು. ಅವರ ಆ ಮುಖವನ್ನು ನಾನು ಯಾವತ್ತೂ ಮರೆತಿಲ್ಲ. ನನ್ನ ಕಾಯಿಲೆ ಕೊಟ್ಟ ಮಾತನ್ನು ನಂಬಿ ಅವರು ಎಷ್ಟೋ ದಿನ ಸೂಜಿ ಹಿಡಿದು ಕೂತಿದ್ದರು. ಹರಡಿದ್ದರಲ್ಲಿ ಒಂದು ಕುಂಚಿಗೆ ಆರಿಸಿ ಕೂಸಿನ ತಲೆಗೆ ಕಟ್ಟಿದರು. ಉಳಿದ ಬಟ್ಟೆಗಳನ್ನೆಲ್ಲ ಮಡಚಿ ನನ್ನ ದಿಂಬಿನ ಪಕ್ಕ ಇಟ್ಟರು. ಟ್ರಂಕು ಖಾಲಿಯಾಯಿತು.

ಅತ್ತೆ ಎದ್ದು ಬಂದರು. ಸೆರಗಿನಿಂದ ನನ್ನ ಹಣೆ ಒರೆಸಿ, ಒದ್ದೆಯಾದ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿದರು. ಹೋಗಿ ಕಿಟಕಿಯ ಗೋಣಿಚೀಲ ಎಳೆದು ಹಾಕಿದರು. ಆ ಕಡೆಗೇ ಮುಖ ಮಾಡಿ ನಿಂತು, ಇಷ್ಟು ತಿಂಗಳು ಆಡದೆ ಉಳಿಸಿಕೊಂಡಿದ್ದ ಮಾತನ್ನು ಆಡಿದರು.

"ಬಾಯಿ ಮುಚ್ಚಲೇ ಬಜಾರಿ."

ನಾನು ಮುಚ್ಚಲಿಲ್ಲ.